ನೀಲವ್ವನ ನಡಿಗೆ

ಬೇರೆಯವರ ಮನೆಯಲ್ಲಿ ಚಪ್ಪಲಿ ಬಿಟ್ಟು, ಕೋಟನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಚಾಪೆಯ ಮೇಲೆ ಕಾಲು ಚಾಚಿ ಕೂತ ಮೇಲೆ ಅದು ನನ್ನ ಮನೆ ಅಲ್ಲವೆಂದು ಗೊತ್ತಾಯಿತು. ಒಳಗಿನಿಂದ ಒಬ್ಬ ಹೆಣ್ಣುಮಗಳು ಬಂದು ಚೊಂಬಿನಲ್ಲಿ ನೀರು ಇಟ್ಟಳು. ಯಾರು, ಏನು ಎಂದು ಕೇಳಲಿಲ್ಲ. ನಾನು ಕುಡಿದೆ. ಕುಡಿದು ಮುಗಿದ ಮೇಲೆ ಕೇಳಿದಳು.

"ನಮ್ಮನೆಯೋರ ಜೊತೆ ಮಿಲ್ಲಲ್ಲಿ ಕೆಲ್ಸ ಮಾಡೋರಾ?"

"ಅಲ್ರಿ ಅಕ್ಕಾರ. ನಾ ಈ ಮನೀಯಾಂವ."

"ಇದು ನಮ್ಮನೆ ಕಣಣ್ಣ," ಅಂದಳು. ಸಿಟ್ಟು ಮಾಡಲಿಲ್ಲ. ನನ್ನ ಕೋಟಿನ ಕಡೆ ನೋಡಿ, "ನಿಮ್ಮನೇಲೂ ಮೊಳೆ ಅಲ್ಲೇ ಐತಾ?" ಎಂದು ಕೇಳಿದಳು.

"ಅಲ್ಲೇ ಐತ್ರಿ."

"ಎಲ್ರ ಮನೇಲೂ ಅಲ್ಲೇ. ನೀವು ಹಿಂದಿನ ಸಾಲಿಗೆ ಬಂದಿರೋರು ಅಲ್ವಾ? ಆಮೇಲೆ, ಅಕ್ಕ ಅನ್ಬೇಡಿ, ನಿಮಗಿಂತ ಚಿಕ್ಕೋಳು ನಾನು."

ಪುಟ್ಟಮ್ಮನ ಪರಿಚಯ ಆದದ್ದು ಹೀಗೆ. ಮನೆಗೆ ಬೀಗ ಹಾಕಿ ಹೋದವನು ತೆರೆದ ಬಾಗಿಲು ಕಂಡಾಗಲಾದರೂ ತಿಳಿಯಬಾರದೆ ಎಂದು ನೀವು ಕೇಳಬಹುದು. ಆ ದಿನಗಳಲ್ಲಿ ಹಾಕಿದ್ದು, ತೆಗೆದದ್ದು ಯಾವುದೂ ನನಗೆ ನೆನಪಿರುತ್ತಿರಲಿಲ್ಲ.

ಬೆಂಗಳೂರಿನ ಈ ರಾಜಾಜಿನಗರ ಹೊಸ ಬಡಾವಣೆ. ಕಾರ್ಖಾನೆಯ ಕೆಲಸಗಾರರಿಗೆಂದು ಕಟ್ಟಿದ ಮನೆಗಳು ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಸಾಲಾಗಿ ನಿಂತಿವೆ. ನಡುವೆ ಕೆಂಪು ಮಣ್ಣು, ಗಿಡ ನೆಡಲೆಂದು ತೋಡಿ ಹಾಗೇ ಬಿಟ್ಟ ಕುಣಿಗಳು. ನಮ್ಮ ಬಾಗಲಕೋಟೆಯ ಓಣಿಯಲ್ಲಿ ಕಣ್ಣು ಮುಚ್ಚಿಕೊಂಡರೂ ಮನೆ ತಪ್ಪುತ್ತಿರಲಿಲ್ಲ. ಅತ್ತರಿನ ಅಂಗಡಿ ದಾಟಿದರೆ ಎಮ್ಮೆ ಕಟ್ಟುವ ಗೋಡೆ, ಅದು ದಾಟಿದರೆ ನಮ್ಮ ಕಟ್ಟೆ. ಇಲ್ಲಿ ಮೂಗಿಗೆ ಸಿಗುವುದು ಸುಣ್ಣದ ವಾಸನೆ ಒಂದೇ, ಎಲ್ಲ ಬಾಗಿಲಲ್ಲೂ.

ನಮ್ಮೂರ ಬಜಾರಿನ ನನ್ನ ಫೋಟೋ ಸ್ಟುಡಿಯೋ ಊರಿನವರಾದ ನಿಮ್ಮಲ್ಲಿ ಹಲವರಿಗೆ ಗೊತ್ತು. ನಿಮ್ಮ ಮದುವೆಯ ಫೋಟೋ ನಾನೇ ತೆಗೆದಿರಬಹುದು. ಕರಿ ಬಟ್ಟೆಯೊಳಗೆ ತಲೆ ತೂರಿಸಿ "ಅಲ್ಲಾಡಬ್ಯಾಡ್ರಿ, ಉಸಿರ ಹಿಡೀರಿ" ಎಂದ ದನಿ ನನ್ನದು. ಹೊಸ ಮಸೂರ ಬಂದಾಗ, ಫೋಟೋ ಹಿಡಿಯುವ ಗಾಜಿನ ಪ್ಲೇಟುಗಳ ಹೊಸ ಪೆಟ್ಟಿಗೆ ಬಿಚ್ಚಿದಾಗ, ಮೊದಲು ಕೂರುತ್ತಿದ್ದವಳು ನನ್ನ ಹೆಂಡತಿ ನೀಲವ್ವ. ರೊಟ್ಟಿ ಬಡಿಯುವುದನ್ನು ಬಿಟ್ಟು, ಕೈ ಒರೆಸಿಕೊಂಡು ಬಂದು ಕೂರುತ್ತಿದ್ದಳು. ಉಸಿರು ಹಿಡಿಯುವುದರಲ್ಲಿ ಅವಳಷ್ಟು ಪಳಗಿದವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಮಸೂರಕ್ಕೆ ಮುಚ್ಚಳ ಹಾಕಿದ ಕೂಡಲೇ "ಆತೇನ್ರಿ?" ಎಂದು ಕೇಳಿ ಎದ್ದು ಹೋಗುತ್ತಿದ್ದಳು. ಅವಳ ಫೋಟೋಗಳೇ ಒಂದು ಟ್ರಂಕು ತುಂಬ ಇವೆ. ಹೋದ ವರ್ಷ ಜ್ವರದಲ್ಲಿ ತೀರಿಕೊಂಡಳು.

ಅದಾಗಿ ಕೆಲವು ತಿಂಗಳಿಗೆ, ಒಂದು ಸಂಜೆ ಸ್ಟುಡಿಯೋದಲ್ಲಿ ಕೂತು, ಅವಳು ಒಳಮನೆಯಿಂದ ಚಾ ತರುತ್ತಿದ್ದುದನ್ನು ನೆನೆಯಲು ನೋಡಿದೆ. ಬಾಗಿಲಲ್ಲಿ ಬಂದು ನಿಂತಳು. ಮುಂದೆ ಬರಲಿಲ್ಲ. ಕೈಯಲ್ಲಿ ಚಾದ ಕಪ್ಪು-ಬಸಿ ಇದೆ, ಮುಖದ ಮೇಲೆ ಬೆಳಕು ಸರಿಯಾಗಿ ಬಿದ್ದಿದೆ, ಕಾಲು ಮಾತ್ರ ಏಳುತ್ತಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಓಡಾಡಿದವಳು ಹೇಗೆ ನಡೆಯುತ್ತಿದ್ದಳೆಂಬುದು ನನಗೆ ಮರೆತುಹೋಗಿತ್ತು. ಫೋಟೋಗಳು ಮಿಕ್ಕದ್ದನ್ನೆಲ್ಲ ಒತ್ತರಿಸಿ ತಾವೇ ಕೂತಿದ್ದವು. ಅಳು ಬರಲಿಲ್ಲ. ಎದ್ದು ಅಂಗಡಿಯ ಬಾಗಿಲು ಹಾಕಿದೆ.

ಬೆಂಗಳೂರಿನಲ್ಲಿ ಸಿನಿಮಾ ಕ್ಯಾಮೆರಾ ಕಲಿಸುತ್ತಾರೆಂದು ಯಾರೋ ಗಿರಾಕಿ ಹೇಳಿದ್ದರು. ಸ್ಟುಡಿಯೋವನ್ನು ತಮ್ಮ ಈರಪ್ಪನ ಕೈಗೆ ಕೊಟ್ಟು ಹೊರಟೆ. ಮುಂದೆ ಸಿನಿಮಾಕ್ಕೇ ಕಾಲ ಬರುತ್ತದೆ ಎಂದು ಅವನಿಗೆ ಹೇಳಿದೆ. ನಿಜವಾದ ಕಾರಣ ಬೇರೆ. ಹೋದವಳ ನಡಿಗೆಯನ್ನು ಯಾವ ಕ್ಯಾಮೆರಾವೂ ತಂದುಕೊಡುವುದಿಲ್ಲ, ಅಷ್ಟು ನನಗೂ ತಿಳಿಯುತ್ತದೆ. ಆದರೆ ನಡೆಯುವವರನ್ನು ಹಿಡಿಯುವುದು ಹೇಗೆಂದು ಕಲಿತರೆ, ಕಲಿಯುತ್ತ ಕಲಿಯುತ್ತ ಎಲ್ಲಾದರೂ ಅದು ನೆನಪಾದೀತು ಎಂದುಕೊಂಡೆ.

ಕನ್ನಡನಾಡೆಲ್ಲ ಸೇರಿ ರಾಜ್ಯ ಒಂದಾಗಿದೆ. ಆದರೂ ಇಲ್ಲಿಯವರಿಗೆ ನಮ್ಮ ಕಡೆಯವರೆಲ್ಲ ಹುಬ್ಬಳ್ಳಿಯವರು. ಬಾಗಲಕೋಟೆ ಎಂದರೆ, "ಹುಬ್ಳಿ ಪಕ್ಕಾನಾ?" ಎನ್ನುತ್ತಾರೆ. ಮೊದಮೊದಲು ಅಲ್ಲ ಎನ್ನುತ್ತಿದ್ದೆ. ಈಗ ಹೌದು ಎನ್ನುತ್ತೇನೆ. ನಾವು ನಳ ಎನ್ನುವುದಕ್ಕೆ ಇವರು ನಲ್ಲಿ ಎನ್ನುತ್ತಾರೆ. ಸಾಲಿಗೆಲ್ಲ ಒಂದೇ ನಲ್ಲಿ, ಅದರಲ್ಲಿ ನೀರು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಅಂಗಡಿಯಲ್ಲಿ ಜೋಳದ ಹಿಟ್ಟು ಕೇಳಿದರೆ ಮೆಕ್ಕೆಜೋಳದ ತೆನೆ ತೋರಿಸಿದರು. "ಬಿಳಿಜೋಳ ಯಾರ್ ತಿಂತಾರೆ ಸಾರ್ ಇಲ್ಲಿ, ರಾಗಿ ತಗೊಳಿ," ಎಂದರು. ತೆಗೆದುಕೊಂಡೆ. ರೊಟ್ಟಿ ಬಡಿಯಲು ಹೋದರೆ ಒಡೆಯಿತು. ಪುಟ್ಟಮ್ಮ ನೋಡಿ, ಅದೇ ಹಿಟ್ಟಿನಲ್ಲಿ ಮುದ್ದೆ ತೊಳಸಿ, ಸೊಪ್ಪಿನ ಸಾರಿನ ಜೊತೆ ಕೊಟ್ಟಳು. ನಾನು ಅಗಿಯುತ್ತ ಕೂತೆ.

"ಅಗೀಬೇಡಿ ಅಣ್ಣ, ನುಂಗಿ."

"ನುಂಗಿದರ ರುಚಿ ಹ್ಯಾಂಗ ತಿಳೀತೈತಿ ತಂಗಿ?"

ಅವಳ ಗಂಡ ಚನ್ನಯ್ಯ ತಟ್ಟೆಯಿಂದ ತಲೆ ಎತ್ತದೆ, "ತಿಳಿಯೋಕಲ್ಲ ಸಾರ್ ಅದು, ತುಂಬೋಕೆ," ಎಂದ.

ನನಗೆ ಅದು ಹಿಡಿಸಿತು. ರುಚಿ ನೋಡದೆ ಹೊಟ್ಟೆ ತುಂಬುವ ಊಟ ಆಗ ನನಗೆ ಸರಿಹೋಗುತ್ತಿತ್ತು. ಇಲ್ಲಿ ಹೊತ್ತು ಹೇಳುವುದು ಮಿಲ್ಲಿನ ಕೂಗು. ಅದು ಕೂಗಿದರೆ ಉಣ್ಣುತ್ತಿದ್ದೆ, ಕೂಗಿದರೆ ಮಲಗುತ್ತಿದ್ದೆ. ಭಾನುವಾರ ಅದಕ್ಕೆ ರಜೆ. ಆ ದಿನ ಉಣ್ಣುವುದು ಮರೆತೇ ಹೋಗುತ್ತಿತ್ತು.

ನಮ್ಮ ತರಗತಿ ಮಾಗಡಿ ರಸ್ತೆಯ ಬದಿಯ ಹಳೆಯ ಉಗ್ರಾಣವೊಂದರಲ್ಲಿ. ಕಲಿಸುವವರು ಮದರಾಸಿನ ಸ್ಟುಡಿಯೋಗಳಲ್ಲಿ ದುಡಿದು ಬಂದವರು. ಉಳಿದ ಹುಡುಗರು ಅವರನ್ನು ಸಾರ್ ಎನ್ನುತ್ತಾರೆ, ನಾನು ಮಾಸ್ತರು ಎನ್ನುತ್ತೇನೆ. ಕ್ಯಾಮೆರಾ ಎಂದರೆ ಗಡಿಯಾರದ ಹಾಗೆ ಕೀಲಿ ಕೊಡುವ ಪುಟ್ಟ ಪೆಟ್ಟಿಗೆ. ಕೀಲಿ ಬಿಚ್ಚಿಕೊಳ್ಳುವವರೆಗೆ ಕರಕರ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ದೂರದಿಂದ ಊರು ತೋರಿಸು, ಹತ್ತಿರದಿಂದ ಮನುಷ್ಯನನ್ನು ತೋರಿಸು, ಇನ್ನೂ ಹತ್ತಿರದಿಂದ ಅವನ ಮನಸ್ಸು ತೋರಿಸು, ಇದು ಮೊದಲ ಪಾಠ. ಚಿತ್ರದ ಬಲಕ್ಕೆ ಹೊರಟುಹೋದವರು ಬಲದಿಂದಲೇ ಮತ್ತೆ ಬಂದರೆ ನೋಡುವವರು 'ಹಿಂದಿರುಗಿ ಬಂದರು' ಎಂದುಕೊಳ್ಳುತ್ತಾರೆ, ಎಡದಿಂದ ಬಂದರೆ 'ಬೇರೆ ಕಡೆ ಸೇರಿದರು' ಎಂದುಕೊಳ್ಳುತ್ತಾರೆ. ಇದು ಎರಡನೆಯದು. ಕಥೆಯ ಪಾಠ ಎಲ್ಲಕ್ಕಿಂತ ಚಿಕ್ಕದು.

"ಯಾರಿಗೋ ಏನೋ ಬೇಕು. ಹುಡುಕ್ಕೊಂಡು ಹೊರಡ್ತಾನೆ. ಏನೋ ಅಡ್ಡ ಬರತ್ತೆ. ಸಿಕ್ತೋ ಇಲ್ವೋ ಅನ್ನೋದು ಕೊನೆ," ಎಂದರು ಮಾಸ್ತರು. "ಮಿಕ್ಕಿದ್ದೆಲ್ಲ ಒಗ್ಗರಣೆ."

ಯಾರಿಗೆ ಏನು ಬೇಕು ಎಂದು ಒಬ್ಬೊಬ್ಬರನ್ನೇ ಕೇಳಿದರು. ನನ್ನ ಸರದಿ ಬಂದಾಗ, ಬಾಯಾರಿದವನೊಬ್ಬನಿಗೆ ನೀರು ಬೇಕು ಎಂದೆ.

ಅದೇ ನನ್ನ ಪರೀಕ್ಷೆಯ ಚಿತ್ರವಾಯಿತು. ಮಾತಿಲ್ಲದ ಒಂದು ಸಣ್ಣ ಕಥೆಯನ್ನು ಒಂದೇ ಸುರುಳಿ ಫಿಲ್ಮಿನಲ್ಲಿ ತೆಗೆದು ತೋರಿಸಬೇಕು. ಒಪ್ಪಿಗೆಯಾದರೆ ಸರ್ಟಿಫಿಕೇಟು, ಇಲ್ಲವಾದರೆ ಗಂಟುಮೂಟೆ. ದಾರಿಹೋಕ ಬರುತ್ತಾನೆ, ಅಪರಿಚಿತ ಮನೆಯಲ್ಲಿ ನೀರು ಕೇಳುತ್ತಾನೆ, ಅವಳು ಕೊಡುತ್ತಾಳೆ. ದಾರಿಹೋಕ ಚನ್ನಯ್ಯ, ಮನೆಯಾಕೆ ಪುಟ್ಟಮ್ಮ.

ಆ ಬೆಳಿಗ್ಗೆ ದಾರಿಹೋಕ ತನ್ನ ಮದುವೆಯ ಕೋಟು ತೊಟ್ಟು ಬಂದ. ಪುಟ್ಟಮ್ಮ ರೇಷ್ಮೆ ಸೀರೆ ಉಟ್ಟು, ಮುಖಕ್ಕೆ ಪೌಡರು ಹಾಕಿ, ಮುಡಿ ತುಂಬ ಕನಕಾಂಬರ ಮುಡಿದಿದ್ದಳು. ಸಾಲಿನವರೆಲ್ಲ ಹಿಂದೆ ಬಂದು ಕೈ ಇಳಿಬಿಟ್ಟು ನಿಂತರು. ನಾನು ಕೀಲಿ ಕೊಟ್ಟು, ಗುಂಡಿ ಒತ್ತಿದೆ. ಬಾಯಿಂದ ಹಳೆಯ ಮಾತು ತಾನಾಗಿ ಬಂತು.

"ಅಲ್ಲಾಡಬ್ಯಾಡ್ರಿ, ಉಸಿರ ಹಿಡೀರಿ."

ಹಿಡಿದರು. ಪ್ರತಿ ಸಲ ಕೀಲಿ ಕೊಟ್ಟಾಗಲೂ ಹಿಡಿದರು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕ್ಯಾಮೆರಾದ ಮುಂದೆ ಜನ ಹಾಗೆಯೇ ನಿಲ್ಲುವುದು.

ತೊಳೆದು ಬಂದ ಸುರುಳಿಯನ್ನು ಉಗ್ರಾಣದ ಸುಣ್ಣದ ಗೋಡೆಯ ಮೇಲೆ ಓಡಿಸಿದರು. ಚನ್ನಯ್ಯ ನಿಂತಿದ್ದಾನೆ. ಪುಟ್ಟಮ್ಮ ಚೊಂಬು ಹಿಡಿದು ನಿಂತಿದ್ದಾಳೆ. ಸಾಲಿನವರು ನಿಂತಿದ್ದಾರೆ. ಒಂದು ಕೋಳಿ ಮಾತ್ರ ಅತ್ತಿಂದಿತ್ತ ಓಡಾಡಿತು.

"ಕೋಳೀನೇ ಹೀರೋ ಅಲ್ವಾ ಸಾರ್?" ಎಂದು ಮಂಜು ಎಂಬ ಹುಡುಗ ಕೇಳಿದ. ಎಲ್ಲರೂ ನಕ್ಕರು. ಮಾಸ್ತರೂ ನಕ್ಕರು.

ನಾನು ಗೋಡೆ ನೋಡುತ್ತಿದ್ದೆ. ಸುರುಳಿಯ ತುದಿ ಬಂದಿತ್ತು. ಚಿತ್ರ ತೆಗೆದ ದಿನ ಕೀಲಿ ಮುಗಿಯಿತೆಂದು ನಾನು ತಲೆ ಎತ್ತಿದ್ದೆ, ಆದರೆ ಪೆಟ್ಟಿಗೆ ಇನ್ನೂ ಓಡುತ್ತಿತ್ತು. ಗೋಡೆಯ ಮೇಲೆ ಪುಟ್ಟಮ್ಮ ಉಸಿರು ಬಿಟ್ಟಳು. ಭುಜ ಇಳಿಯಿತು. ನನ್ನ ಕಡೆ ನೋಡಿ ತುಟಿ ಆಡಿಸಿದಳು. ದನಿ ಇಲ್ಲ, ಆದರೆ ಏನು ಕೇಳಿದಳೆಂದು ನನಗೆ ಗೊತ್ತು. ಆಯ್ತಾ, ಎಂದು. ಆಮೇಲೆ ಗೋಡೆ ಬೆಳ್ಳಗಾಯಿತು.

ಟ್ರಂಕು ತುಂಬ ಇರುವ ಫೋಟೋಗಳಲ್ಲಿ ನೀಲವ್ವ 'ಆತೇನ್ರಿ' ಎನ್ನುವುದು ಒಂದರಲ್ಲೂ ಇಲ್ಲ. ಅವಳು ಅದನ್ನು ಹೇಳುವ ಹೊತ್ತಿಗೆ ನಾನು ಮುಚ್ಚಳ ಹಾಕಿರುತ್ತಿದ್ದೆ.

ಎಲ್ಲರೂ ಹೋದ ಮೇಲೆ ಮಾಸ್ತರು ಕರೆದರು. "ಕೊನೇದೊಂದು ಚೂರು ಚೆನ್ನಾಗಿದೆ ಕಣ್ರಿ. ಬೇರೆಯವರ ಸುರುಳೀಲಿ ಉಳಿದ ಫಿಲ್ಮ್ ತುಂಡು ಇದೆ, ತಗೊಂಡು ಹೋಗಿ. ಈ ಸಲ ಯಾರಿಗೂ ಏನೂ ಹೇಳ್ಬೇಡಿ. ಬಾಯಿ ಮುಚ್ಕೊಂಡಿರಿ."

ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ ಪುಟ್ಟಮ್ಮನ ಬಾಗಿಲೆದುರು ಕೂತೆ. ಅವಳು ದಿನದ ಸೀರೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಆದರೂ ಬೆನ್ನು ನೆಟ್ಟಗೆ, ಕಣ್ಣು ಮಸೂರದ ಮೇಲೆ.

"ಏನ್ ಮಾಡ್ಲಿ ಅಣ್ಣ?"

ನಾನು ಮಸೂರ ಒರೆಸಿದೆ.

"ಮುನಿಸ್ಕೊಂಡ್ರಾ?"

ಸುಮ್ಮನೆ ಕೀಲಿ ಕೊಟ್ಟೆ. ಗುಂಡಿ ಒತ್ತಿದೆ. ಅಷ್ಟರಲ್ಲಿ ಸಾಲಿನ ತುದಿಯಿಂದ ಯಾರೋ ಕೂಗಿದರು.

"ಪುಟ್ಟೀ, ನೀರ್ ಬಂತು ಕಣೇ!"

ಮೊರ ಒಂದು ಕಡೆ ಬಿತ್ತು, ಅಕ್ಕಿ ಒಂದು ಕಡೆ. ಕ್ಯಾಮೆರಾ ಅವಳಿಗೆ ಮರೆತುಹೋಯಿತು. ಬಿಂದಿಗೆ ಎತ್ತಿ ಸೆರಗು ಸಿಕ್ಕಿಸಿ ಬಲಕ್ಕೆ ಓಡಿದಳು. ತಿರುಗಿಸಿ ಹಿಂಬಾಲಿಸಬೇಕೆಂದು ನನಗೆ ಹೊಳೆಯಲಿಲ್ಲ. ಖಾಲಿ ಬಾಗಿಲನ್ನೇ ನೋಡುತ್ತ ಕ್ಯಾಮೆರಾ ಓಡಿ, ಕೀಲಿ ನಿಂತಿತು. ನಲ್ಲಿಯ ಹತ್ತಿರ ಜಗಳದ ಸದ್ದು ಕೇಳುತ್ತಿತ್ತು. "ನಿಂದು ತುಂಬ್ತಲ್ಲ, ತೆಗಿಯೇ." "ತುಂಬಿಲ್ಲ, ಕಣ್ಣು ಬಿಟ್ಟು ನೋಡು." ಮತ್ತೆ ಕೀಲಿ ಕೊಟ್ಟು ಕಾದೆ. ಅವಳು ಬಲದಿಂದಲೇ ಬಂದಳು. ಬಿಂದಿಗೆ ಎಡಸೊಂಟದ ಮೇಲಿತ್ತು. ಬಲಗೈ ತೂಗುತ್ತಿತ್ತು. ನೀರು ತುಳುಕದ ಹಾಗೆ ಪ್ರತಿ ಹೆಜ್ಜೆಯನ್ನೂ ತುಸು ತಡೆದು ಇಡುತ್ತಿದ್ದಳು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಹಿಡಿದಳು.

"ಬಿಸಿಲಲ್ಲಿ ಕೂತಿದೀರ, ಕುಡೀರಿ."

ಮಾಸ್ತರು ಬ್ಲೇಡಿನಿಂದ ಫಿಲ್ಮು ಕತ್ತರಿಸಿ, ಅವಳು ಓಡಿದ ತುಂಡಿಗೆ ಬರುವ ತುಂಡನ್ನು ಅಂಟಿಸಿದರು. ಗೋಡೆಯ ಮೇಲೆ ಅವಳು ಹೋದಳು, ಬಂದಳು. ಜಗಳವಿಲ್ಲ, ಕಾಯುವುದಿಲ್ಲ. ಆದರೆ ಯಾರಿಗೂ ಏನೂ ತಪ್ಪಿದ ಹಾಗೆ ಅನ್ನಿಸಲಿಲ್ಲ.

"ನಡುವೆ ಇಲ್ಲದ್ದನ್ನ ನೋಡೋರೇ ತುಂಬ್ಕೋತಾರೆ," ಎಂದರು ಮಾಸ್ತರು. "ಅದನ್ನ ನಂಬಿಯೇ ನಮ್ಮ ಕೆಲಸ ನಡೆಯೋದು. ಪಾಸು."

ಹುಡುಗರು ಚಪ್ಪಾಳೆ ತಟ್ಟಿದರು. ನಾನು ಮಾತ್ರ ಇನ್ನೊಮ್ಮೆ ಓಡಿಸಿ ಎಂದೆ. ಮತ್ತೊಮ್ಮೆಯೂ ಓಡಿಸಿದರು. ನೀಲವ್ವ ಎಲ್ಲಾದರೂ ನೆನಪಾಗುತ್ತಾಳೋ ಎಂದು ಕಾದೆ. ಆಗಲಿಲ್ಲ. ಸರ್ಟಿಫಿಕೇಟು ಬಂತು. ಕಾರ್ಖಾನೆಗಳ ಚಿಕ್ಕ ಚಿತ್ರ ತೆಗೆಯಲು ಹೋಗುವಾಗ ಜೊತೆಗಿರಿ ಎಂದು ಮಾಸ್ತರು ಹೇಳಿದರು. ಆಗಲಿ ಎಂದೆ.

ಎಳ್ಳಮಾವಾಸ್ಯೆಗೆ ಊರಿಗೆ ಬಂದಿದ್ದೆ. ನಿಮ್ಮಲ್ಲಿ ಕೆಲವರು ಕಂಡಿರಿ, ಸೊರಗಿದ್ದೀರಿ ಎಂದಿರಿ. ಸ್ಟುಡಿಯೋದಲ್ಲಿ ಈರಪ್ಪ ಪರದೆ ಬದಲಿಸಿದ್ದಾನೆ. ಅವನ ಹೆಂಡತಿ ಗಂಗವ್ವ ಜೋಳದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಾಗ ನೀಲವ್ವನ ಬಗ್ಗೆ ಕೇಳಿದೆ.

"ಗಂಗವ್ವಾ, ನಿಮ್ಮಕ್ಕ ಹ್ಯಾಂಗ ನಡೀತಿದ್ಲವಾ?"

"ಹ್ಯಾಂಗಂದ್ರ? ಎಲ್ಲಾರೂ ನಡಿಯೂ ಹಾಂಗ. ಅದನ್ನ ಯಾರ ನೋಡ್ತಾರ್ರಿ ಬಾವಾರ?" ಎಂದಳು. ನನ್ನ ಮುಖ ನೋಡಿ, "ಚಾ ತರ್ತೇನ್ರಿ," ಎಂದು ಒಳಗೆ ಹೋದಳು.

ಆ ಸಂಜೆ ಸ್ಟುಡಿಯೋದ ಅದೇ ಕುರ್ಚಿಯಲ್ಲಿ ಕೂತೆ. ನೀಲವ್ವ ಒಳಮನೆಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಕಪ್ಪು-ಬಸಿ. ಎಂದಿನಂತೆ ನಿಲ್ಲುತ್ತಾಳೆ, ಅಷ್ಟೇ, ಎಂದುಕೊಂಡೆ. ಕಾಲು ಎದ್ದಿತು. ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಪರದೆ ದಾಟಿ ನನ್ನ ತನಕ ಬಂದಳು. ಎಡಸೊಂಟ ತುಸು ಹೊರಗೆ, ಬಲಗೈ ತೂಗುತ್ತ, ನೀರು ತುಳುಕದ ಹಾಗೆ ಹೆಜ್ಜೆ ತಡೆದು ತಡೆದು. ಮುಖ ನೀಲವ್ವನದು, ಚಾ ನೀಲವ್ವನದು. ನಡಿಗೆ ಪುಟ್ಟಮ್ಮನದು. ಬೇರೆ ನಡಿಗೆ ಕೊಡಲು ನೋಡಿದೆ. ಮತ್ತೆ ಬಾಗಿಲಲ್ಲೇ ನಿಂತುಬಿಟ್ಟಳು. ಹಾಗೆ ನಿಲ್ಲಿಸುವುದಕ್ಕಿಂತ ಇದೇ ಇರಲಿ ಎಂದು ಬಿಟ್ಟೆ.

"ಇಲ್ಲೇ ಇರ್ತಿಯೇನ ಅಣ್ಣಾ, ಮತ್ತ ಹೊಕ್ಕಿಯೋ?" ಎಂದು ಈರಪ್ಪ ಕೇಳಿದ. ಹೊಕ್ಕೇನಿ ಎಂದೆ. ಯಾವುದು ಹೋಗುವುದು, ಯಾವುದು ಬರುವುದು ಎಂದು ಅವನಿಗೆ ಬಿಡಿಸಿ ಹೇಳಲು ಆಗುತ್ತಿರಲಿಲ್ಲ.

ರಾಜಾಜಿನಗರಕ್ಕೆ ಬಂದಿಳಿದ ಬೆಳಿಗ್ಗೆ ಬೀಗ ತೆಗೆದು, ಕೋಟನ್ನು ಮೊಳೆಗೆ ಸಿಕ್ಕಿಸಿದೆ. ಈಗ ಮನೆ ತಪ್ಪುವುದಿಲ್ಲ. ಹೊರಗೆ ನೀರು ಬಂದ ಗದ್ದಲ ಕೇಳಿ ಬಾಗಿಲಿಗೆ ಬಂದೆ. ಪುಟ್ಟಮ್ಮ ತುಂಬಿದ ಬಿಂದಿಗೆ ಹೊತ್ತು ಬರುತ್ತಿದ್ದಳು.

"ಯಾವಾಗ್ ಬಂದ್ರಿ ಅಣ್ಣ? ಊರಲ್ಲಿ ಎಲ್ಲ ಚೆನ್ನಾಗವ್ರಾ?"

"ಅದಾರವಾ," ಎಂದೆ.

"ಇರಿ, ಬಿಂದಿಗೆ ಇಟ್ಟು ಬತ್ತೀನಿ," ಎಂದು ಮುಂದೆ ಹೋದಳು. ಅವಳು ಸಾಲು ತಿರುಗುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಅಷ್ಟು ಹೊತ್ತೂ, ಅಲ್ಲಿ ಬಾಗಲಕೋಟೆಯಲ್ಲಿ, ನೀಲವ್ವ ಒಳಮನೆಯಿಂದ ಚಾ ತರುತ್ತಿದ್ದಳು.