ಅಮ್ಮನ ಸಾಲಿಗ್ರಾಮದ ಇನ್ನೊಂದು ಹೆಸರು

ನಾನು ನಾಲ್ಕು ತಿಂಗಳು ದೇವಪೂಜೆ ಮಾಡಿದ್ದು ಭಕ್ತಿಯಿಂದಲ್ಲ, ಹೆದರಿಕೆಯಿಂದ. ದೇವರ ಹೆದರಿಕೆಯೂ ಅಲ್ಲ, ಅಮ್ಮನದು.

ತಪ್ಪು ನನ್ನದೇ. ಬ್ಯಾಂಕಿನ ವರ್ಗಾವಣೆ ನಮ್ಮನ್ನು ಧಾರವಾಡದಿಂದ ವಡೋದರಾದ ಅಲ್ಕಾಪುರಿಗೆ ತಂದು ಹಾಕಿದ ಮೇಲೆ, ಒಂದು ಭಾನುವಾರ ಅಮ್ಮನನ್ನು ನರ್ಮದೆಯ ಸ್ನಾನಕ್ಕೆ ಕರೆದೊಯ್ದೆ. ನೀರಿಳಿದ ಹೊಳೆಪಾತ್ರದಲ್ಲಿ ಕಾಲಿಗೆ ತಾಗಿದ ಕಲ್ಲನ್ನು ಎತ್ತಿದರೆ, ಅಂಗೈಯಗಲದ ಚಕ್ರ! ಸುತ್ತು ಸುತ್ತಾಗಿ, ಮಲಗಿದ ಬಸವನಹುಳುವಿನಂತೆ. ಅಮ್ಮ ಕೈಮುಗಿದೇಬಿಟ್ಟಳು. "ಸಾಲಿಗ್ರಾಮ! ತಾನಾಗೇ ಹುಡುಕ್ಕೊಂಡು ಬಂದಾನ." ಅದು ಸಿಗುವುದು ಗಂಡಕಿ ನದಿಯಲ್ಲಿ ಎಂದೆ. "ಯಾಕ, ಟ್ರಾನ್ಸ್‌ಫರ್ ನಿನಗಷ್ಟ ಆಗೂದೇನು?" ಎಂದಳು.

ಸಾಲಿಗ್ರಾಮ ಮನೆಗೆ ಬಂದರೆ ಪೂಜೆ ಒಂದು ದಿನವೂ ತಪ್ಪಬಾರದು. ಜನಿವಾರವಿದ್ದವನೇ ಮಡಿಯುಟ್ಟು ನೀರೆರೆಯಬೇಕು. ಮನೆಯಲ್ಲಿ ಅಂಥವನು ನಾನೊಬ್ಬನೇ. ಊರಿಗೆ ಹೋಗುವ ರಜೆ ಹೋಯಿತು, ಭಾನುವಾರದ ನಿದ್ದೆಯೂ ಹೋಯಿತು. ಹೇಗಾದರೂ ಬಿಡಿಸಿಕೊಳ್ಳಬೇಕೆಂದು, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಮೇಲಿನ ಮನೆಯ ಹೇತಲ್‌ಬೆನ್‌ಗೆ ಕಲ್ಲು ತೋರಿಸಲು ಹೊರಟೆ. "ದೇವರನ್ನ ಪರೀಕ್ಷಾಕ್ಕ ಕೂಡಸ್ತೀ?" ಎಂದು ಗೊಣಗುತ್ತ ಅಮ್ಮನೂ ಮೆಟ್ಟಿಲೇರಿದಳು.

ಹೇತಲ್‌ಬೆನ್ ಮಸೂರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅಮೊನೈಟ್ ಅಂತೆ, ಪಳೆಯುಳಿಕೆ. ಚಿಪ್ಪಿನಲ್ಲಿ ಕೋಣೆ ಕಟ್ಟಿಕೊಂಡು, ಬೆಳೆದಂತೆಲ್ಲ ಹೊಸ ಕೋಣೆಗೆ ಸರಿಯುತ್ತಿದ್ದ ಕಡಲಜೀವಿ. ನಮ್ಮಂಥ ವರ್ಗಾವಣೆಯ ಸಂಸಾರವೇ ಅನ್ನಿ! ಕೋಟ್ಯಂತರ ವರ್ಷಗಳ ಹಿಂದೆ ಇಲ್ಲೆಲ್ಲ ಸಮುದ್ರ ಬಂದಿತ್ತಂತೆ. ಕಿಟಕಿಯಾಚೆ ನೋಡಿದೆ, ಸೇವ್ ಉಸಳ್ ತಿಂಡಿಯಂಗಡಿಯ ಮೇಲೆ, ಸ್ಕೂಟರುಗಳ ಮೇಲೆ ನೀಲಿ ನೀರು ತುಂಬಿ, ಅದರಲ್ಲಿ ನನ್ನ ಚಕ್ರ ಸದ್ದಿಲ್ಲದೆ ತೇಲಿಹೋಯಿತು. "ಗಂಡಕಿಯದ್ದೂ ಇದೇ ಕುಲ, ಮಾಸಿ. ಆದರೆ ಇಂಥ ಗೆರೆ ನಾನು ಎಲ್ಲೂ ಕಂಡಿಲ್ಲ. ಕಾಲೇಜಿಗೆ ಕೊಡ್ತೀರಾ?" ಎಂದು ಅವಳು ಹಿಂದಿಯಲ್ಲಿ ಕೇಳಿದಾಗಲೇ ನನಗೆ ಎಚ್ಚರ.

ನಾನು ಗೆದ್ದಿದ್ದೆ. ಆದರೆ ಅಮ್ಮನ ಮುಖ ನೋಡಲಾಗಲಿಲ್ಲ. ಅವಳ ದೇವರನ್ನು ಕಸಿದೆನಲ್ಲ ಎಂದು ಸಂಕಟವಾಯಿತು. ಅಮ್ಮ ಕೇಳಿದ್ದು ಒಂದೇ: "ದಿನಾ ತೊಳೀತಾರೇನು ಕೇಳು."

"ಬ್ರಶ್ ಹಿಡಿದು, ಹಲ್ಲುಜ್ಜಿದ ಹಾಗೆ, ತಿಂಗಳುಗಟ್ಟಲೆ," ಎಂದಳು ಹೇತಲ್‌ಬೆನ್.

ಅಮ್ಮ ಕೆಳಗಿಳಿದು ಎಲೆ ಅಡಿಕೆ ತಂದಳು. ಸಾಲಿಗ್ರಾಮವನ್ನು ಮಾರಬಾರದು, ದಾನ ಕೊಡಬಹುದು. "ನನ್ನ ಮಗಾ ಅರ್ಧಾ ನಿದ್ದ್ಯಾಗ ನೀರ ಹಾಕ್ತಿದ್ದ. ಈಕಿ ಕಣ್ಣ ತಗದು ನೋಡತಾಳ," ಎಂದು ನನ್ನ ಕೈಯಿಂದಲೇ ಕೊಡಿಸಿದಳು.

ಮರುದಿನ ಭಾನುವಾರ. ಬೇಕಾದಷ್ಟು ಹೊತ್ತು ಮಲಗಬಹುದಿತ್ತು. ಐದೂವರೆಗೇ ಎದ್ದು ಮಡಿಯುಟ್ಟು, ನೀರು ತುಂಬಿದ ತಂಬಿಗೆ ಹಿಡಿದು ಬರಿಯ ತಟ್ಟೆಯ ಮುಂದೆ ನಿಂತಿದ್ದೆ.

"ನೋಡು," ಎಂದಳು ಅಮ್ಮ ಹಿಂದಿನಿಂದ, "ಇವತ್ತ ಖರೇ ಪೂಜಾಕ್ಕ ಎದ್ದೀ."