ಎಮಿಲ್ ಆರ್ಸೆನೊ ಊರು ಬಿಟ್ಟದ್ದು ಯಾಕೆ

ಎಮಿಲ್ ಆರ್ಸೆನೊ ದುಡ್ಡಿನಾಸೆಗೆ ನಮ್ಮೂರಿನ ಐಸ್ ಹಾಕಿ ತಂಡ ಬಿಟ್ಟು ಹೋದ ಎಂದು ಮ್ಯಾರೋ ಫಾಲ್ಸ್‌ನಲ್ಲಿ ಕಾಗದದ ಗಿರಣಿಯಿಂದ ಹಿಡಿದು ಚರ್ಚಿನ ಮೆಟ್ಟಿಲವರೆಗೆ ಎಲ್ಲರೂ ಹೇಳುತ್ತಿದ್ದರು. ಅದು ಸುಳ್ಳೆಂದು ಗೊತ್ತಿದ್ದವರು ಮೂರೇ ಜನ: ಎಮಿಲ್, ತಂಡದ ಮ್ಯಾನೇಜರ್ ವೆಂಡೆಲ್ ಪ್ರೋಕಾಪ್, ಮತ್ತು ಹಾಕಿ ಅಂಗಳದ ತಿಂಡಿ ಕೌಂಟರಿನಲ್ಲಿ ಮೂವತ್ತು ವರ್ಷದಿಂದ ಆಲೂಗಡ್ಡೆ ಕರಿಯುತ್ತ, ಕಾಫಿ ಕಾಯಿಸುತ್ತ ಬಂದಿರುವ ನಾನು, ಇಲ್ಮಾ ಹಾಪಲಾ.

ಎಮಿಲ್ ನಮ್ಮಲ್ಲಿಗೆ ಬಂದಾಗ ಅವನಿಗೆ ಇಪ್ಪತ್ತಮೂರು. ಸಮುದ್ರದ ಕಡೆಯವನು, ಅಪ್ಪ ಸಿಗಡಿ ಹಿಡಿಯುವವನು. ಬಂದ ದಿನವೇ ಬ್ರೆಡ್ಡಿಗೆ ಹಚ್ಚಿಕೊಳ್ಳಲು ಕಾಕಂಬಿ, ಆ ಕಪ್ಪು ಬೆಲ್ಲದ ಪಾಕ, ಇದೆಯೇ ಎಂದು ಕೇಳಿದ. ಅದನ್ನು ಇಲ್ಲಿ ಕುದುರೆಗೆ ತಿನ್ನಿಸುತ್ತಾರಪ್ಪಾ ಎಂದೆ. ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಮರುದಿನ ತನ್ನದೇ ಡಬ್ಬಿ ತಂದು ನನ್ನ ಕಪಾಟಿನಲ್ಲಿಟ್ಟ. ಅಂಥ ಮನುಷ್ಯ.

ಮಂಜುಗಡ್ಡೆಯ ಮೇಲೆ ಅವನ ಕೆಲಸ ಗೋಲು ಹೊಡೆಯುವುದಲ್ಲ, ತಡೆಯುವುದು. ಆ ಗಟ್ಟಿ ರಬ್ಬರ್ ಬಿಲ್ಲೆ ಗುಂಡಿನ ಹಾಗೆ ಬರುವಾಗ ಬುದ್ಧಿಯಿದ್ದವರು ಪಕ್ಕಕ್ಕೆ ಸರಿಯುತ್ತಾರೆ, ಇವನು ಅಡ್ಡ ಬೀಳುತ್ತಿದ್ದ. ಹೀಗೆ ಬಿದ್ದೂ ಬಿದ್ದೂ ಮುಂದಿನ ಮೂರು ಹಲ್ಲು ಹೋದವು, ಎಡಗಾಲು ಎರಡು ಸಲ ಮುರಿಯಿತು. ನಮ್ಮೂರಿನ ಮೋನಾಳನ್ನೇ ಮದುವೆಯಾದ. ಅವಳು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಒಬ್ಬಳು ಮಗಳು.

ಈಗ ನನ್ನ ದೊಡ್ಡ ರೋಗ ಹೇಳಿಬಿಡುತ್ತೇನೆ. ಕುತೂಹಲ. ಯಾರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆ ನನಗೆ ನಿದ್ದೆ ಬರುವುದಿಲ್ಲ. ಮೂರು ವರ್ಷದ ಹಿಂದೆ ಎಮಿಲ್‌ನ ಕರಾರು ಮುಗಿದಾಗ ದಕ್ಷಿಣದ ದೊಡ್ಡ ನಗರದ ತಂಡವೊಂದು ಒಂದೂವರೆ ಪಟ್ಟು ಸಂಬಳಕ್ಕೆ ಕರೆದಿತ್ತು. ಹೋಗಲಿಲ್ಲ. ಕಡಿಮೆ ಸಂಬಳಕ್ಕೆ ಇಲ್ಲೇ ರುಜು ಹಾಕಿದ. ಮುಂದಿನ ಸಲ ನಿನ್ನ ಕೈಬಿಡುವುದಿಲ್ಲ ಎಂದು ವೆಂಡೆಲ್ ಎಲ್ಲರೆದುರು ಅವನ ಬೆನ್ನು ತಟ್ಟಿದ. ಯಾಕೆ ಹೋಗಲಿಲ್ಲ ಎಂದು ನಾನು ತಿಂಗಳುಗಟ್ಟಲೆ ಎಮಿಲ್‌ನ ಬೆನ್ನು ಬಿದ್ದೆ. ಹೆಂಡತಿಯ ನೌಕರಿಯೇ? ಮಗಳ ಶಾಲೆಯೇ? ಇಲ್ಲಿಯ ಮಂಜುಗಡ್ಡೆ ಗಟ್ಟಿ ಎಂದಷ್ಟೇ ಹೇಳಿದ. ನಾನು ನಂಬಲಿಲ್ಲ. ಕೈಗೆ ಬಂದ ದುಡ್ಡನ್ನು ಒಬ್ಬ ಮನುಷ್ಯ ಯಾವ ತಕ್ಕಡಿಯಲ್ಲಿ ತೂಗಿ ಬೇಡವೆನ್ನುತ್ತಾನೆ ಎಂಬುದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ಹೋದ ವರ್ಷ ಆ ಕರಾರೂ ಮುಗಿಯಿತು. ಜುಲೈ ಒಂದರ ಮಧ್ಯಾಹ್ನ ಹನ್ನೆರಡು ಹೊಡೆದರೆ ಅವನು ಸ್ವತಂತ್ರ, ಯಾವ ತಂಡ ಬೇಕಾದರೂ ಕರೆಯಬಹುದು. ವಯಸ್ಸು ಮೂವತ್ತನಾಲ್ಕು. ಇದೇ ಅವನ ಕೊನೆಯ ಕರಾರು ಎಂದು ಅವನ ಮೊಣಕಾಲು ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಇರುತ್ತಾನೋ ಹೋಗುತ್ತಾನೋ ಎಂದು ಊರೆಲ್ಲ ಮಾತಾಡುತ್ತಿತ್ತು. ನನಗೆ ಮಾತ್ರ ಉತ್ತರ ಗೊತ್ತಿತ್ತು.

ಹೇಗೆಂದರೆ, ನಮ್ಮ ಆಟಗಾರರಲ್ಲಿ ಒಂದು ಪದ್ಧತಿಯಿದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಪ್ರತಿಯೊಬ್ಬನ ಗೂಟದ ಮೇಲೆ ಬಿಳಿ ಪಟ್ಟಿ ಅಂಟಿಸಿ ಹೆಸರು ಬರೆದಿರುತ್ತದೆ. ಆ ವರ್ಷದ ಆಟಗಳು ಮುಗಿದು ಏಪ್ರಿಲಿನಲ್ಲಿ ಸಾಮಾನು ಕಟ್ಟುವಾಗ ಬಿಟ್ಟು ಹೋಗುವವನು ತನ್ನ ಪಟ್ಟಿ ಕಿತ್ತುಕೊಂಡು ಹೋಗುತ್ತಾನೆ, ಮರಳಿ ಬರುವವನು ಹಾಗೇ ಬಿಡುತ್ತಾನೆ. ಬಾಯಲ್ಲಿ ಯಾರೂ ಕೇಳುವುದಿಲ್ಲ, ಕೇಳುವುದು ಮರ್ಯಾದೆಯಲ್ಲ. ಬೇಸಿಗೆಯಲ್ಲಿ ಆ ಕೋಣೆ ತೊಳೆಯುವವಳು ನಾನು. ಎಮಿಲ್‌ನ ಪಟ್ಟಿ ಇದ್ದಲ್ಲೇ ಇತ್ತು.

ವೆಂಡೆಲ್ ಹೊರಗಿನವನು, ಲೆಕ್ಕಪತ್ರದ ಮನುಷ್ಯ. ನಾಲ್ಕು ವರ್ಷವಾದರೂ ಅವನಿಗೆ ಈ ಪದ್ಧತಿ ಗೊತ್ತಿರಲಿಲ್ಲ, ಹುಡುಗರು ಹೇಳಿರಲಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಕಾಫಿ ಹೀರುತ್ತ, ಈ ಎಮಿಲ್ ಕೈಕೊಟ್ಟರೆ ಏನು ಗತಿ, ದಕ್ಷಿಣದವರು ಮತ್ತೆ ಗಾಳ ಹಾಕಿದ್ದಾರಂತೆ ಎಂದು ಪೇಚಾಡಿದ. ಅಯ್ಯೋ, ನನ್ನ ಜಂಭ ನೋಡಿ. ನಿಮಗೆ ಇಷ್ಟೂ ಗೊತ್ತಿಲ್ಲವೇ ಎಂದು ಕೋಣೆಯ ಬಾಗಿಲು ತೆಗೆದು ಪಟ್ಟಿ ತೋರಿಸಿದೆ, ಅದರ ಅರ್ಥ ಬಿಡಿಸಿ ಹೇಳಿದೆ.

“ಅವನು ಎಲ್ಲೂ ಹೋಗಲ್ಲ. ಬೇಕಾದ್ರೆ ಬರೆದುಕೊಡ್ತೀನಿ” ಎಂದೆ.

ವೆಂಡೆಲ್ ಪಟ್ಟಿಯನ್ನು ಬಹಳ ಹೊತ್ತು ನೋಡಿದ. ಅವತ್ತು ಕಾಫಿಗೆ ಭಕ್ಷೀಸು ಜಾಸ್ತಿಯೇ ಇಟ್ಟ. ನಾನೊಂದು ಕತ್ತೆ, ಖುಷಿಪಟ್ಟೆ.

ಜುಲೈ ಒಂದರಂದು ಹನ್ನೊಂದೂವರೆಗೆ ಎಮಿಲ್ ಮ್ಯಾನೇಜರ್ ಕೋಣೆಗೆ ಹೋದ. ಆ ಕೋಣೆ ನನ್ನ ಕೌಂಟರಿಗೆ ಅಂಟಿಕೊಂಡೇ ಇದೆ, ಸೆಕೆಗೆ ಬಾಗಿಲು ತೆರೆದಿತ್ತು. ನಾನು ಕಿವಿ ನೆಟ್ಟಗೆ ಮಾಡಿ ನಿಂತೆ. ಹೊಸ ಕರಾರಿನಲ್ಲಿ ಹಳೆಯದಕ್ಕಿಂತ ಐದರಲ್ಲೊಂದು ಪಾಲು ಕಡಿಮೆ ಬರೆದಿತ್ತು. ಎಮಿಲ್ ಹೆಚ್ಚಿಗೆ ಕೇಳಲಿಲ್ಲ. ಹೋದ ಸಲದ್ದೇ ಕೊಡಿ, ಈಗಲೇ ರುಜು ಹಾಕುತ್ತೇನೆ ಎಂದ.

“ಯಾಕಪ್ಪಾ ಕೊಡ್ಲಿ?” ಎಂದ ವೆಂಡೆಲ್. “ಹೇಗೂ ನೀನಿಲ್ಲೇ ಇರೋನು. ಆ ಪಟ್ಟಿ ವಿಷಯ ಇಲ್ಮಾ ಎಲ್ಲಾ ಹೇಳಿದ್ಲು.”

ನನ್ನ ಕೈಯಲ್ಲಿದ್ದ ಜಾಲರಿ ಎಣ್ಣೆಗೆ ಜಾರಿತು. ಎಮಿಲ್ ಹೊರಗೆ ಬಂದ, ನನ್ನನ್ನು ದಾಟಿ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ತನ್ನ ಪಟ್ಟಿ ಕಿತ್ತು ಜೇಬಿಗಿಟ್ಟುಕೊಂಡ. ಹನ್ನೆರಡೂಕಾಲಿಗೆ ದಕ್ಷಿಣದ ತಂಡಕ್ಕೆ ಒಪ್ಪಿಕೊಂಡ. ಮೋನಾ, ಮಗಳು ಇಲ್ಲೇ ಉಳಿದರು. ಇವನು ಒಂಬೈನೂರು ಮೈಲಿಯಾಚೆ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರತೊಡಗಿದ.

ಊರು ಸಿಟ್ಟಾಯಿತು. ಹನ್ನೊಂದು ವರ್ಷ ತಲೆಯ ಮೇಲೆ ಹೊತ್ತವರೇ ಅವನ ಹೆಸರಿನ ಅಂಗಿಯನ್ನು ನೆಲ ಒರೆಸಲು ಬಳಸಿದರು. ದಿನಾ ನನ್ನ ಕೌಂಟರಿನಲ್ಲೇ ಅವನನ್ನು ಬೈಯುತ್ತಿದ್ದರು. ನಾನು ಅವರಿಗೆ ಕಾಫಿ ಸುರಿಯುತ್ತಿದ್ದೆ. ಇಷ್ಟು ಬಾಯಿಬಡುಕಿಗೆ ಅದೊಂದು ವಿಷಯದಲ್ಲಿ ಬಾಯಿ ಬರಲಿಲ್ಲ.

ನವೆಂಬರಿನಲ್ಲಿ ಅವನ ಹೊಸ ತಂಡ ಇಲ್ಲಿಗೆ ಆಡಲು ಬಂತು. ಅವನು ಅಂಗಳಕ್ಕಿಳಿದ ಕ್ಷಣದಿಂದ ಕೊನೆಯ ಸೀಟಿಯವರೆಗೆ ಜನ ಛೀಮಾರಿ ಹಾಕಿದರು. ಯಾರೋ ಚಿಲ್ಲರೆ ಕಾಸು ಎರಚಿದರು, ಅದನ್ನು ಮಂಜುಗಡ್ಡೆಯ ಮೇಲಿಂದ ಗುಡಿಸಿ ತೆಗೆಯುವವರೆಗೆ ಆಟ ನಿಲ್ಲಿಸಬೇಕಾಯಿತು. ಮಗಳು ಹತ್ತನೇ ಸಾಲಿನಲ್ಲಿ ಅಮ್ಮನ ಮಡಿಲಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಆಟ ಮುಗಿದ ಮೇಲೆ ಎಮಿಲ್ ಕೌಂಟರಿಗೆ ಬಂದು ಕಾಫಿ ಕೇಳಿದ. ತುಟಿ ಒಡೆದಿತ್ತು. ನಾನು ಕಣ್ಣೆತ್ತದೆ, ಎಲ್ಲ ನನ್ನಿಂದಲೇ ಆದದ್ದು ಎಂದೆ.

“ನೀನೇನು ಸುಳ್ಳು ಹೇಳಿದ್ಯಾ?” ಎಂದ. “ನಾನು ಇಲ್ಲೇ ಇರೋನೇ ಆಗಿದ್ದೆ. ಅದು ಗೊತ್ತಾದ ಕೂಡ್ಲೇ ನನ್ನ ಬೆಲೆ ಇಳಿಸಿದ್ರು. ಆಮೇಲೆ ಹೇಗೆ ಇರ್ಲಿ?”

“ಹಾಗಾದ್ರೆ ಜನಕ್ಕೆ ಹೇಳೋದಲ್ವೇನೋ? ಕಾಸು ಎರಚಿದ್ರಲ್ಲೋ ನಿನ್ಮೇಲೆ.”

ಅವನು ಕಾಫಿಯನ್ನು ಊದಿ ಆರಿಸಿದ.

“ಹೇಳಿದ್ರೆ ನಿನ್ನ ಬೈತಾರೆ, ಇಲ್ಮಾ. ನಾನು ವರ್ಷಕ್ಕೆ ಮೂರು ಸಲ ಬರೋನು. ನೀನು ದಿನಾ ಇಲ್ಲಿ ನಿಂತು ಇವರಿಗೆ ಕಾಫಿ ಕೊಡ್ಬೇಕು.”

ಮರುದಿನ ಬೆಳಿಗ್ಗೆ ಗಿರಣಿಯ ಪಾಳಿ ಮುಗಿಸಿ ಹತ್ತು ಹನ್ನೆರಡು ಜನ ಬಂದು ಕೂತರು. ಹೇಗಿತ್ತು ಛೀಮಾರಿ, ಆ ದುಡ್ಡುಬಾಕನ ಮುಖ ನೋಡಿದಿರಾ ಎಂದು ಒಬ್ಬ ಶುರುಮಾಡಿದ. ನಾನು ಕಾಫಿ ಪಾತ್ರೆ ಕೆಳಗಿಟ್ಟು ಕೌಂಟರಿನಿಂದ ಹೊರಗೆ ಬಂದೆ. ಎಮಿಲ್‌ನನ್ನು ಊರು ಬಿಡಿಸಿದವಳು ನಾನು, ಬೈಯುವುದಿದ್ದರೆ ನನ್ನನ್ನು ಬೈಯಿರಿ ಎಂದು ಮೊದಲಿನಿಂದ ಹೇಳತೊಡಗಿದೆ. ಅರ್ಧಕ್ಕೇ ಇಬ್ಬರು ಎದ್ದು ಹೋದರು. ಅವರು ಇನ್ನೂ ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳುವುದಿಲ್ಲ.