ಕರಿಯಮ್ಮನ ಮತ

ಪರರ ಮನೆಯ ಬಾಗಿಲಲ್ಲಿ ನಿಂತು ಕೆಮ್ಮುವುದೂ ಒಂದು ಕಲೆ. ಮೆಲ್ಲಗೆ ಕೆಮ್ಮಿದರೆ ನಾಯಿಗೆ ಮಾತ್ರ ಕೇಳಿಸುತ್ತದೆ; ಜೋರಾಗಿ ಕೆಮ್ಮಿದರೆ ಒಳಗಿನಿಂದ ಕಷಾಯ ಬರುತ್ತದೆ. ಹುಲಿಕುಂಟೆಯ ಕಡೆ ಮೇಷ್ಟ್ರಾಗಿದ್ದ ನನಗೆ ಈ ವಿದ್ಯೆ ಸಿದ್ಧಿಸಿದ್ದು, ಪ್ರಜಾಪ್ರತಿನಿಧಿ ಸಭೆಯ ಮತದಾರರ ಪಟ್ಟಿಯನ್ನು ಮನೆಮನೆಗೂ ಹೋಗಿ ತಿದ್ದಿಕೊಂಡು ಬರಬೇಕೆಂದು ಅಮಲ್ದಾರರು ಅಪ್ಪಣೆ ಮಾಡಿದ ವರ್ಷ.

ಆ ಸೀಮೆಯಲ್ಲಿ ಕೋಟು ತೊಟ್ಟವನೆಂದರೆ ಕಂದಾಯಕ್ಕೆ ಬಂದವನು, ಇಲ್ಲವೇ ಸಿಡುಬು ಬಾರದಂತೆ ಮಕ್ಕಳ ತೋಳಿಗೆ ದೇವಿ ಹಾಕಲು ಬಂದವನು. ನನ್ನನ್ನು ಕಂಡೊಡನೆ ಗಂಡಸರು ಹಿತ್ತಲಿಗೆ ಓಡಿದರು. ಹೆಂಗಸರು ಮಕ್ಕಳ ತೋಳು ಮುಚ್ಚಿಕೊಂಡು ಒಳಸೇರಿದರು. ಓಡಲಾರದ ಮುದುಕನೊಬ್ಬನನ್ನು ಹಿಡಿದು 'ಮತ' ಎಂದೆ. "ನಾವು ಜುಂಜಪ್ಪ ದೇವ್ರ ಒಕ್ಕಲು ಸ್ವಾಮಿ, ಮತ ಬುಡಾಕಿಲ್ಲ" ಎಂದು ಕೈಮುಗಿದ.

ಅಲ್ಲಿ ಕರಿಯಮ್ಮನೆಂಬ ವಿಧವೆಯಿದ್ದಳು. ತನ್ನ ಹೆಸರಿನ ಹೊಲಕ್ಕೆ ತಾನೇ ಕಂದಾಯ ಕಟ್ಟುತ್ತಿದ್ದವಳಾದ್ದರಿಂದ ಓಟಿಗೆ ಅರ್ಹಳು. ಪಕ್ಕದ ಮನೆಯ ಮೈದುನ ಚಿತ್ತಯ್ಯ ಮಾತ್ರ, "ಹೆಂಗಸ್ರ ಹೆಸ್ರು ಯಾಕೆ ಮೇಷ್ಟ್ರೇ, ಬುಡಿ" ಎಂದ. ಬದುವಿನ ಹುಣಿಸೆಮರ ಯಾರದೆಂಬ ವ್ಯಾಜ್ಯದಲ್ಲಿ ಇಬ್ಬರಿಗೂ ಮಾತು ನಿಂತು ವರ್ಷಗಳಾಗಿದ್ದವು. ಮರ ಒಣಗಿಹೋಗಿತ್ತು, ಮೌನ ಮಾತ್ರ ಹಚ್ಚಹಸುರಾಗಿತ್ತು.

ಕರಿಯಮ್ಮನೂ ಒಪ್ಪಲಿಲ್ಲ. "ಓಟು ಇಟ್ಕಂಡು ನಾನೇನ್ ಮಾಡ್ಲಿ?"

ನನ್ನಲ್ಲಿದ್ದ ಪೌರನೀತಿಯನ್ನೆಲ್ಲ ಸುರಿದೆ. ಅವಳು ರಾಗಿ ಕೇರುತ್ತಲೇ ಇದ್ದಳು. ಕೊನೆಗೆ ಸೋತು, "ಏನಿಲ್ಲ ತಾಯಿ, ಓಟು ಬೇಕಾದವರು ನಿಮ್ಮ ಬಾಗಿಲಿಗೇ ಬಂದು ಕೇಳ್ತಾರೆ, ಅಷ್ಟೇ" ಎಂದೆ.

ಮೊರ ನಿಂತಿತು. "ಚಿತ್ತಯ್ಯನೂ ಬರ್ಬೇಕಾ?"

ಚಿತ್ತಯ್ಯ ಒಬ್ಬ ಉಮೇದುವಾರನ ಬಲಗೈ. "ಬರಲೇಬೇಕು" ಎಂದೆ.

"ಅಂಗಾರೆ ಬರ್ಕಳಿ ಸ್ವಾಮಿ. ದಪ್ಪಕ್ಷರದಾಗೆ ಬರ್ಕಳಿ."

ಚುನಾವಣೆ ಹತ್ತಿರವಾಯಿತು. ಒಂದು ಮಧ್ಯಾಹ್ನ ಚಿತ್ತಯ್ಯ, ಗಲ್ಲಿಗೇರುವವನ ಗಾಂಭೀರ್ಯದಿಂದ ಆ ಅಂಗಳಕ್ಕೆ ಕಾಲಿಟ್ಟದ್ದನ್ನು ಕಂಡು, ದಾರಿಯಲ್ಲಿ ಹೋಗುತ್ತಿದ್ದ ನಾನು ನಾಚಿಕೆಯಿಲ್ಲದೆ ನಿಂತುಬಿಟ್ಟೆ.

"ಅತ್ಗೆ, ಓಟು..."

"ಮೊದ್ಲು ಕೂತ್ಕ. ಮಂಡಿನೋವು ಹೆಂಗೈತೆ?"

ಮಾತಿಲ್ಲದ ವರ್ಷಗಳಲ್ಲೂ ಅವನು ಕುಂಟುವುದನ್ನು ಅವಳು ಗೋಡೆಯಾಚೆಯಿಂದ ನೋಡುತ್ತಲೇ ಇದ್ದಳೆಂದಾಯಿತು. ಮುದ್ದೆ ಬಂತು, ಉಪ್ಸಾರು ಬಂತು. ಎರಡನೆಯ ಮುದ್ದೆಯ ಹೊತ್ತಿಗೆ ಚಿತ್ತಯ್ಯನಿಗೆ ಉಮೇದುವಾರನ ಹೆಸರೇ ಮರೆತುಹೋಗಿತ್ತು. ಸತ್ತ ಅಣ್ಣನ ಮಾತಾಡುತ್ತ ಇಬ್ಬರೂ ಹೊತ್ತು ಮುಳುಗುವವರೆಗೂ ಕುಳಿತಿದ್ದರಂತೆ.

ಓಟು ಹಾಕಿ ಬರುತ್ತಿದ್ದ ಕರಿಯಮ್ಮನನ್ನು ದಾರಿಯಲ್ಲಿ ಕಂಡು, ಕುತೂಹಲ ತಡೆಯಲಾರದೆ ಕೇಳಿದೆ: "ಯಾರಿಗೆ ಕೊಟ್ಟಿರಿ ತಾಯಿ?"

ಸೆರಗು ಸರಿಮಾಡಿಕೊಂಡು ನಕ್ಕಳು.

"ಅದನ್ನ ಯೋಳ್ಬುಟ್ರೆ ಮುಂದಿನ್ ಸಲ ಅವ್ನು ಯಾಕ್ ಬತ್ತಾನೆ ಮೇಷ್ಟ್ರೇ?"